ಮರಿ ತರಲು ಹೋಗಿ ಬರಿಗೈಲಿ ಬಂದ ದಿನ

ನಾಯಿ ಸಾಕೋಣ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದ್ದೆವು. ಯಾವ ನಾಯಿ ಅನ್ನೋದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಮಗನಿಗೆ ನೀಲಿ ಕಣ್ಣಿನ ಹಸ್ಕಿ ಬೇಕು. ಮಗಳಿಗೆ ಬೀಗಲ್. ಇವರಿಗೆ ಲ್ಯಾಬ್ರಡಾರ್. ನನಗೆ ನಮ್ಮ ಜತೆ ಓಡುವ ನಾಯಿಯಾದರೆ ಸಾಕಿತ್ತು. ನಾವು ಧಾರವಾಡದವರು. ಬೆಳಿಗ್ಗೆ ಐದೂವರೆಗೆ ಎದ್ದು ಓಡಲು ಹೋಗುತ್ತೇವೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಸೈಕಲ್ ಮೇಲೆ ನುಗ್ಗಿಕೇರಿಗೋ ಕೆಲಗೇರಿ ಕೆರೆಗೋ ಹೊರಡುತ್ತೇವೆ. ಇಲ್ಲದಿದ್ದರೆ ಗರಗದ ಹತ್ತಿರ ಇರುವ ನಮ್ಮ ಹೊಲ.

ನಮಗೆ ಗೊತ್ತಿದ್ದ ಪಶುವೈದ್ಯರೊಬ್ಬರನ್ನು ಕೇಳಿದೆವು. ಅವರು ತಳಿಯ ಹೆಸರನ್ನೇ ಎತ್ತಲಿಲ್ಲ. "ನಿಮ್ಮ ಮನೆಯ ಒಂದು ವಾರ ಬರೆದುಕೊಂಡು ಬರ್ರಿ" ಅಂದರು. "ಯಾರು ಎಷ್ಟೊತ್ತಿಗೆ ಮನೆಯಲ್ಲಿರ್ತೀರಿ, ಎಷ್ಟೊತ್ತಿಗೆ ಹೊರಗಿರ್ತೀರಿ, ಎಲ್ಲಾ ಬರೀರಿ."

ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆವು. ದಿನಕ್ಕೆ ಎರಡು ಗಂಟೆ ಓಡಾಟ ಇದ್ದದ್ದು ನಿಜ. ಆದರೆ ಒಂಬತ್ತರಿಂದ ಮೂರರವರೆಗಿನ ಜಾಗದಲ್ಲಿ ಒಂದೇ ಹೆಸರಿತ್ತು: ಅಜ್ಜಿ. ನಮ್ಮ ಅತ್ತೆಗೆ ಎಪ್ಪತ್ನಾಲ್ಕು ವರ್ಷ. ಮೊಣಕಾಲು ನೋವು. ಓಡುವವರು ನಾವಾದರೂ ನಾಯಿಯ ದಿನ ಕಳೆಯುವುದು ಅವರ ಜತೆ. ಇದು ಅಲ್ಲಿಯವರೆಗೆ ನಮ್ಮ ತಲೆಗೇ ಬಂದಿರಲಿಲ್ಲ.

ಆ ಹಾಳೆ ಹಿಡಿದುಕೊಂಡು ವೈದ್ಯರು ಮಾತಾಡಿದರು. ಹಸ್ಕಿ ಮಂಜಿನ ನಾಡಿನಲ್ಲಿ ಜಾರುಗಾಡಿ ಎಳೆದ ನಾಯಿ. ಅದರ ಮೈಮೇಲೆ ಎರಡು ಪದರದ ದಟ್ಟ ಕೂದಲು. ಧಾರವಾಡದ ಏಪ್ರಿಲ್‌ನಲ್ಲಿ ಅದನ್ನು ಓಡಿಸೋದು ಅಂದರೆ ಹಿಂಸೆ. ಬೀಗಲ್ ಒಂಟಿಯಾದರೆ ಕೂಗಿ ಕೂಗಿ ಓಣಿಯನ್ನೆಲ್ಲ ಎಬ್ಬಿಸಬಹುದು. ಲ್ಯಾಬ್ರಡಾರ್ ಬಂಗಾರದಂಥ ನಾಯಿ. ಆದರೆ ಮೂವತ್ತು ಕೇಜಿಯ ಪ್ರೀತಿ ಬಾಗಿಲಲ್ಲಿ ಅತ್ತೆಯ ಮೇಲೆ ಹಾರಿಬಿದ್ದರೆ? ಕೊನೆಗೆ ಅವರೇ ಕೇಳಿದರು: "ಮುಧೋಳ ನಾಯಿ ನೋಡೀರೇನು?"

ನಾನು ನೋಡಿದ್ದು ಅಪ್ಪನ ಆಲ್ಬಂನಲ್ಲಿ, 2005ರಲ್ಲಿ ಬಂದ ಅಂಚೆಚೀಟಿಯ ಮೇಲೆ ಮಾತ್ರ.

ಡಿಸೆಂಬರಿನ ಒಂದು ದಿನ ರಜೆ ಹಾಕಿ ಹೊರಟೆವು. ಸವದತ್ತಿ, ಯರಗಟ್ಟಿ ದಾಟಿ ಲೋಕಾಪುರದ ಕಡೆ ಬಂದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ತಳಿಯನ್ನು ಉಳಿಸಿ ಬೆಳೆಸುವುದು ಅವರ ಕೆಲಸ. 2016ರಲ್ಲಿ ಇಲ್ಲಿನ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೂ ತರಬೇತಿಗೆ ಹೋದವು. ಹಿಂದೆ ಮುಧೋಳದ ಘೋರ್ಪಡೆ ರಾಜಮನೆತನ ಸಾಕಿ ಬೆಳೆಸಿದ ನಾಯಿ ಇದು. ಸುತ್ತಲಿನ ಹಳ್ಳಿಗಳಲ್ಲಿ ಇವತ್ತಿಗೂ ಎಷ್ಟೋ ರೈತರು ಇದನ್ನು ಸಾಕುತ್ತಾರೆ. ವೈದ್ಯರು ಹೇಳಿ ಕಳಿಸಿದ್ದು ಅಂಥ ಒಬ್ಬ ಹಿರಿಯರ ಹೊಲಕ್ಕೆ.

ಬೇವಿನ ಮರದ ಕೆಳಗೆ ತಾಯಿ ನಾಯಿ ಕೂತಿತ್ತು. ಉದ್ದ ಮೂತಿ, ಒಣ ಹುಲ್ಲಿನ ಬಣ್ಣ. ಎದೆ ಆಳ, ಹೊಟ್ಟೆ ಒಳಕ್ಕೆ ಸೆಳೆದುಕೊಂಡಂತೆ. ಪಕ್ಕೆಲುಬು ಒಂದೊಂದೇ ಎಣಿಸಬಹುದು. "ಪಾಪ, ಊಟ ಸಾಲೋದಿಲ್ಲ ಏನೋ" ಅಂದಳು ಮಗಳು. ಹಿರಿಯರು ನಕ್ಕರು. "ಅದರ ಮೈಕಟ್ಟ ಹಂಗ ಐತಿ ತಂಗಿ. ದಿನಾ ಜ್ವಾಳದ ರೊಟ್ಟಿ, ಹಾಲು ತಿಂತೈತಿ. ದಪ್ಪ ಆತಂದ್ರ ಓಡೂದಿಲ್ಲ." ನಾನು ಕೈ ಚಾಚಿದೆ. ಅದು ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನೇ ನೋಡುತ್ತ ನಿಂತಿತು. ಹೊಸಬರು ಮೈ ಮುಟ್ಟೋದು ಈ ನಾಯಿಗೆ ಹಿಡಿಸೋದಿಲ್ಲವಂತೆ. ಅರ್ಧ ಗಂಟೆ ಸುಮ್ನೆ ಕೂತ ಮೇಲೆ ತಾನಾಗಿ ಬಂದು ನನ್ನ ಮೊಣಕೈ ಮೂಸಿತು. ಆಗ ಬೆನ್ನು ಸವರಿದೆ. ಕೂದಲು ಎಷ್ಟು ಗಿಡ್ಡ, ಚರ್ಮ ಎಷ್ಟು ತೆಳು ಅಂದರೆ ಒಳಗಿನ ಬಿಸಿ ಅಂಗೈಗೆ ತಾಗುತ್ತಿತ್ತು. ಚಳಿಗಾಲದಲ್ಲಿ ರಾತ್ರಿ ಹೊರಗೆ ಕಟ್ಟಬಾರದು ಅಂತ ಅವರು ಹೇಳಿದ್ದು ಯಾಕೆ ಅಂತ ತಿಳಿಯಿತು.

ಅಷ್ಟರಲ್ಲಿ ಗಾಳಿಗೆ ಒಂದು ಗೊಬ್ಬರದ ಚೀಲ ಹಾರಿತು. ನಾಯಿಯ ಕಿವಿ ನಿಂತವು. ಮುಂದಿನ ಕ್ಷಣಕ್ಕೆ ನನ್ನ ಕೈಕೆಳಗೆ ನಾಯಿಯೇ ಇಲ್ಲ. ಕಟಾವಾದ ಹೊಲದ ಮೇಲೆ ಅದು ಓಡಿದ್ದನ್ನು ಹೇಗೆ ಹೇಳಲಿ? ಬೆನ್ನು ಬಿಲ್ಲಿನ ಹಾಗೆ ಬಾಗುತ್ತಿತ್ತು, ಸೆಟೆಯುತ್ತಿತ್ತು. ನಾಲ್ಕೂ ಕಾಲು ನೆಲ ಬಿಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಮಗ ಬಾಯಿ ತೆರೆದು ನಿಂತುಬಿಟ್ಟ. ಹಿರಿಯರು ಎರಡು ಸಲ ಕೂಗಿದರು. ಅದು ತಿರುಗಿ ನೋಡಲಿಲ್ಲ. ಚೀಲ ಹಿಡಿದು, ಹರಿದು, ಆಮೇಲೂ ಎಲ್ಲೆಲ್ಲೋ ಸುತ್ತಿ ಹತ್ತು ನಿಮಿಷ ಬಿಟ್ಟು ಬಂತು.

"ನಿಮ್ಮ ಮಾತೂ ಕೇಳೋದಿಲ್ಲೇನ್ರಿ ಕಾಕಾ?" ಅಂತ ಕೇಳಿದೆ.

"ಕಣ್ಣ ಮುಂದ ಏನರ ಓಡಿದ್ರ ಇದರ ಕಿವಿ ಮುಚ್ಚಿಬಿಡ್ತಾವ್ರಿ. ಇಲ್ಲಿ ಹೊಲ ಐತಿ, ನಡೀತೈತಿ. ನಿಮ್ಮಲ್ಲಿ ರೋಡ್ ಐತಿ. ಕಂಪೌಂಡ್ ಎಷ್ಟ ಎತ್ತರ ಐತ್ರಿ?"

ನಾಲ್ಕು ಅಡಿ ಅಂದೆವು. ಅವರು ತಲೆ ಅಲ್ಲಾಡಿಸಿದರು. ಮರಿಗಳಿಗೆ ಆಗ ಐದು ವಾರ. ತಾಯಿಯ ಹಾಲು ಬಿಡಿಸಿ ಕೊಡೋದಿಲ್ಲ, ಇನ್ನೂ ಮೂರು ವಾರ ಬಿಟ್ಟು ಬರ್ರಿ ಅಂದರು. ಅಷ್ಟರೊಳಗೆ ಕಂಪೌಂಡ್ ಎತ್ತರಿಸಬೇಕು. ಮತ್ತೊಂದು ಮಾತೂ ಹೇಳಿದರು: ವರ್ಷ ತುಂಬುವ ತನಕ ನಮ್ಮ ಜತೆ ದೂರದ ಓಟಕ್ಕೆ ಎಳೆದುಕೊಂಡು ಹೋಗಬಾರದು, ಎಲುಬು ಬಲಿತಿರೋದಿಲ್ಲ. ಮಗನ ಮುಖ ಸಪ್ಪಗಾಯಿತು. ನನಗೆ ಮಾತ್ರ ಅವರ ಮೇಲೆ ಗೌರವ ಹೆಚ್ಚಾಯಿತು. ದುಡ್ಡು ಎಣಿಸಿಕೊಂಡು ಮರಿ ಕೊಟ್ಟು ಕಳಿಸಬಹುದಿತ್ತು, ಅಲ್ವಾ?

ಬರುವಾಗ ಕಾರಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಯರಗಟ್ಟಿಯಲ್ಲಿ ಚಹಾ ಕುಡಿಯುವಾಗ ಮಗನೇ ಕೇಳಿದ: "ಜಾಳಿಗೆ ಎಲ್ಲಿ ಸಿಗ್ತದ ಅಪ್ಪಾ?"

ಕಂಪೌಂಡ್ ಮೇಲೆ ಮೂರು ಅಡಿ ಕಬ್ಬಿಣದ ಜಾಳಿಗೆ ಹಾಕಿಸಿದೆವು. ಗರಗದ ಹೊಲದ ಮಾವಿನ ತೋಪಿಗೂ ಸುತ್ತ ಬೇಲಿ ಕಟ್ಟಿದೆವು. ಜನವರಿಯಲ್ಲಿ ಹೋಗಿ ಮರಿ ತಂದೆವು. ಹೆಣ್ಣು ಮರಿ. ಅತ್ತೆ ಚಂದ್ರಿ ಅಂತ ಹೆಸರಿಟ್ಟರು.

ಚಂದ್ರಿಗೆ ಈಗ ಹದಿನಾಲ್ಕು ತಿಂಗಳು. ಬೆಳಿಗ್ಗೆ ಹಗ್ಗ ಹಿಡಿದು ನಮ್ಮ ಜತೆ ನಿಧಾನಕ್ಕೆ ಓಡುತ್ತಾಳೆ. ರಸ್ತೆಯಲ್ಲಿ ಹಗ್ಗ ಬಿಚ್ಚೋದಿಲ್ಲ, ಎಂದಿಗೂ ಇಲ್ಲ. ಮಧ್ಯಾಹ್ನ ಅತ್ತೆಯ ಹಳೇ ಸೀರೆಯ ಕೌದಿ ಮೇಲೆ ಮಲಗಿಬಿಟ್ಟರೆ ಮನೆಯಲ್ಲಿ ನಾಯಿ ಇದೆ ಅಂತಲೇ ಗೊತ್ತಾಗೋದಿಲ್ಲ. ಹೋದ ಭಾನುವಾರ ಮಾವಿನ ತೋಪಿನಲ್ಲಿ ಬಿಟ್ಟಿದ್ದೆವು. ಮಕ್ಕಳಿಬ್ಬರೂ ಅವಳ ಹಿಂದೆ ಓಡಿದರು. ಅವಳು ಮೂರು ಸುತ್ತು ಹಾಕಿ ಮುಗಿಸಿದಾಗ ಇವರು ಇನ್ನೂ ಮೊದಲ ಸುತ್ತಿನಲ್ಲೇ ಇದ್ದರು. ಆಮೇಲೆ ಚಂದ್ರಿ ನಾಲಿಗೆ ಹೊರಹಾಕಿ ನೆರಳಿಗೆ ಬಂದಳು. ಅತ್ತೆಯ ಕುರ್ಚಿಯ ಪಕ್ಕ ಕೂತು, ಅವರ ನೋಯುವ ಮೊಣಕಾಲಿಗೆ ತಾಗದ ಹಾಗೆ ಪಾದದ ಮೇಲೆ ಮೂತಿ ಇಟ್ಟಳು.