ಮಿಲ್ ಕೂಗೋ ಹೊತ್ತು

ಇವತ್ತು ಮಾಗಡಿ ರೋಡಲ್ಲಿ ಆಟೋ ಹತ್ತಿ 'ಬಿನ್ನಿ ಮಿಲ್ ಹತ್ರ ಬಿಡಪ್ಪ' ಅಂದೆ. ಹುಡುಗ ಹಿಂದೆ ತಿರುಗಿ, 'ಮಾಲ್ ಹತ್ರಾನಾ ಸಾರ್?' ಅಂದ. ಹೂಂ, ಅಲ್ಲೇ.

1884ರಲ್ಲಿ ಶುರುವಾದ ಮಿಲ್ಲದು. ನಮ್ಮ ತಾತ ಉಣ್ಣೆ ಡಿಪಾರ್ಟ್‌ಮೆಂಟಲ್ಲಿದ್ದರು. ಮನೇಲಿ ಗಡಿಯಾರ ಇರಲಿಲ್ಲ. ಮಿಲ್ ಕೂಗಿದ್ರೆ ಅಜ್ಜಿ ಒಲೆ ಮೇಲಿನ ಅನ್ನ ಇಳಿಸೋರು. ತಾತ ತಂದ ಕಂಬಳಿ ಈಗಲೂ ಬೀರುವಿನಲ್ಲಿದೆ. ಅಂಚು ಹುಳ ತಿಂದಿದೆ, ಮೈಗೆ ಚುಚ್ಚುತ್ತೆ, ಆದರೂ ಡಿಸೆಂಬರ್ ಬಂದ್ರೆ ಅದಕ್ಕೇ ಕಿತ್ತಾಟ.

ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು. ಗೋಪಾಲಪುರದ ಮಿನರ್ವ ಮಿಲ್ಸ್ ಕಥೆ ಇನ್ನೂ ಮಜಾ. ಸಂವಿಧಾನದ ಮೂಲ ಸ್ವರೂಪವನ್ನ ಸಂಸತ್ತೂ ಕೆಡಿಸೋ ಹಾಗಿಲ್ಲ ಅಂತ 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ ಮಿಲ್ಲಿನ ಕೇಸಲ್ಲಿ. ಲಾ ಓದೋ ಮಕ್ಕಳಿಗೆಲ್ಲ ಆ ಹೆಸರು ಬಾಯಿಪಾಠ. ಮಿಲ್ ಎಲ್ಲಿದೆ ಅಂತ ಕೇಳಿ ನೋಡಿ! ಅಲ್ಲಿನ ಹಳೇ ಶೆಡ್ಡುಗಳಲ್ಲಿ ಈಗ ಪಾರ್ಟಿ, ಪ್ರದರ್ಶನ. ಕೆಡವದೆ ಉಳಿಸಿದ್ದಾರಲ್ಲ, ಅಷ್ಟಾದ್ರೂ ಸಮಾಧಾನ.

ಇಳಿದು ದುಡ್ಡು ಕೊಡೋವಾಗ ಹುಡುಗ ಕೇಳಿದ: 'ಇಲ್ಲಿ ಯಾವ ಮಿಲ್ಲಿತ್ತು ಸಾರ್, ರಾಗಿ ಮಿಲ್ಲಾ?'