“ಈಗ ಯಾವ ಕೋರ್ಸ್ ಮಾಡಿದ್ರೆ ಒಳ್ಳೇದು?” – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಅಕೌಂಟ್ಸ್ ಕೆಲಸದವರು ಕಣ್ಣಿಗೆ ಬಿದ್ದರೆ ಸಾಕು, ಕಾಸರಗೋಡಿನ ನಮ್ಮ ಕುಂಬಳೆಯಿಂದ ಮಂಜೇಶ್ವರದ ತನಕ ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ. ಮದುವೆಯ ಹಂತಿಯಲ್ಲಿ ಸಾರು ಬರುವಾಗ ಶುರುವಾದರೆ ಮಜ್ಜಿಗೆಯವರೆಗೂ ಬಿಡುವುದಿಲ್ಲ. ಬಿ.ಕಾಂ. ಮುಗಿಸಿದವರು ಕೇಳುತ್ತಾರೆ, ಅವರ ಅಪ್ಪಂದಿರು ಕೇಳುತ್ತಾರೆ, ಹತ್ತು ವರ್ಷದಿಂದ ಒಂದೇ ಅಂಗಡಿಯ ಲೆಕ್ಕ ಬರೆಯುವವರೂ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ಸೋತಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಉತ್ತರ ಚಿಕ್ಕದು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಗೊತ್ತಿಲ್ಲದಿದ್ದರೆ ಟ್ಯಾಲಿ ಕಲಿಯಿರಿ, ಎಕ್ಸೆಲ್ ಗೊತ್ತಿಲ್ಲದಿದ್ದರೆ ಎಕ್ಸೆಲ್. ಎರಡೂ ಗೊತ್ತಿದ್ದರೆ ಯಾವ ಕೋರ್ಸೂ ಬೇಡ, ದುಡ್ಡು ಇಟ್ಟುಕೊಳ್ಳಿ.

ಇಷ್ಟಕ್ಕೆ ಯಾರಿಗೂ ಸಮಾಧಾನ ಆಗುವುದಿಲ್ಲ. ಯಾಕೆಂದರೆ ಪ್ರಶ್ನೆಯಲ್ಲಿ ಇರುವುದು ಕಲಿಯುವ ಆಸೆಯಲ್ಲ, ಕಲಿತು ಮುಗಿಸುವ ಆಸೆ. “ಈಗ” ಅನ್ನುವ ಮಾತನ್ನೇ ನೋಡಿ. ಈಗ ಒಂದು ಮಾಡಿಬಿಟ್ಟರೆ ಆಮೇಲೆ ಕೂತುಕೊಳ್ಳಬಹುದು ಅಂತ. ಕೇಳುವವರ ಮನೆಯಲ್ಲೇ ಅಡಿಕೆ ತೋಟ ಇರುತ್ತದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ ಮದ್ದು ಬಿಡಬೇಕು, 40-45 ದಿನ ಕಳೆದು ಇನ್ನೊಮ್ಮೆ ಬಿಡಬೇಕು, ಮಳೆ ಜೋರಿದ್ದರೆ ಮೂರನೆಯದೂ ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಒಂದು ವರ್ಷ ಬಿಟ್ಟ ಬೋರ್ಡೋ ಮದ್ದು ಐದು ವರ್ಷಕ್ಕೆ ಸಾಕು ಅಂತ ಯಾರೂ ಹೇಳುವುದಿಲ್ಲ. ಸರ್ಟಿಫಿಕೇಟಿಗೆ ಮಾತ್ರ ಲ್ಯಾಮಿನೇಷನ್ ಮಾಡಿಸಿದ ಕೂಡಲೇ ಕೊಳೆ ತಾಗುವುದಿಲ್ಲ ಅಂತ ನಂಬಿಕೆ!

ಜಿಎಸ್‌ಟಿಯನ್ನೇ ತೆಗೆದುಕೊಳ್ಳಿ. ಶುರುವಾದದ್ದು 2017ರ ಜುಲೈ 1ಕ್ಕೆ. ಮಾರಿದವನು ಬಿಲ್ ಅಪ್‌ಲೋಡ್ ಮಾಡದಿದ್ದರೂ ಸಿಗಬೇಕಾದ ಇನ್‌ಪುಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಾವು ಕಟ್ಟುವುದರಲ್ಲಿ ಕಳೆಯುವ ಹಕ್ಕು, ಆಗ ಪೂರ್ತಿ ತೆಗೆದುಕೊಳ್ಳಬಹುದಿತ್ತು. 2019ರ ಅಕ್ಟೋಬರಿನಲ್ಲಿ, ಪೋರ್ಟಲಿನಲ್ಲಿ ಕಾಣುವುದಕ್ಕಿಂತ 20% ಮಾತ್ರ ಹೆಚ್ಚು ಅಂತಾಯಿತು. 2020ರ ಜನವರಿಗೆ ಅದು 10%, 2021ರ ಜನವರಿಗೆ 5%. 2022ರ ಜನವರಿಯಿಂದ ಕಾಣದ ಬಿಲ್ಲಿಗೆ ಒಂದು ರೂಪಾಯಿಯೂ ಇಲ್ಲ. ಇ-ಇನ್‌ವಾಯ್ಸ್ (ಬಿಲ್ಲನ್ನು ಸರಕಾರದ ಪೋರ್ಟಲಿನಲ್ಲಿ ನೋಂದಾಯಿಸುವುದು) 2020ರ ಅಕ್ಟೋಬರಿನಲ್ಲಿ 500 ಕೋಟಿ ವಹಿವಾಟಿನವರಿಗೆ ಬಂದಾಗ “ನಮ್ಮ ಊರಿಗಲ್ಲ” ಅಂತ ನಕ್ಕವರಿದ್ದರು. 2023ರ ಆಗಸ್ಟಿನಲ್ಲಿ ಮಿತಿ 5 ಕೋಟಿಗೆ ಇಳಿಯಿತು. 2019ರಲ್ಲಿ ಚೆನ್ನಾಗಿ ಕಲಿತವನು ಮೂರೇ ವರ್ಷದಲ್ಲಿ, ಕಲಿತದ್ದನ್ನು ಸರಿಯಾಗಿ ಮಾಡಿಯೇ, ತಪ್ಪು ರಿಟರ್ನ್ ಹಾಕುವ ಹಾಗಾಯಿತು.

ಇನ್ನು “ಒಳ್ಳೇದು” ಅನ್ನುವ ಮಾತು. ಯಾರಿಗೆ ಒಳ್ಳೇದು? ಕೋರ್ಸಿನ ಉದಾಹರಣೆಯಲ್ಲಿ ಮಾರುವವನೂ ಕೊಳ್ಳುವವನೂ ಒಂದೇ ರಾಜ್ಯದವರು. ನಮ್ಮಲ್ಲಿ ಹಾಗಲ್ಲ. ಉಪ್ಪಳದ ಅಂಗಡಿಯವರು ಮಂಗಳೂರಿಗೆ ಹೋಗಿ ಸಾಮಾನು ಕೊಂಡು, ತಮ್ಮದೇ ಪಿಕಪ್ಪಿನಲ್ಲಿ ಹಾಕಿಕೊಂಡು ತಲಪಾಡಿಯ ಗಡಿ ದಾಟುತ್ತಾರೆ. ಬಿಲ್ಲಿನಲ್ಲಿ 32ರಿಂದ ಶುರುವಾಗುವ ಅವರ ಕೇರಳದ ಜಿಎಸ್‌ಟಿ ನಂಬ್ರ ಸರಿಯಾಗಿಯೇ ಇರುತ್ತದೆ. ಆದರೆ ಕೌಂಟರಿನಲ್ಲೇ ಕೊಟ್ಟದ್ದಲ್ಲವಾ ಅಂತ ಅಲ್ಲಿಯವರು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸಾಮಾನಿನ ಐಜಿಎಸ್‌ಟಿಯ ಬದಲು ಕರ್ನಾಟಕದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿಬಿಡುತ್ತಾರೆ. ಒಂದು ಲಕ್ಷದ ಸಾಮಾನಿಗೆ 18% ಅಂದರೆ 18,000 ರೂಪಾಯಿ. 14ನೇ ತಾರೀಕಿಗೆ ಬರುವ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಮಾರಿದವರು ಅಪ್‌ಲೋಡ್ ಮಾಡಿದ ಬಿಲ್ಲುಗಳ ಪಟ್ಟಿಯಲ್ಲಿ, ಈ ಬಿಲ್ ಕಾಣುತ್ತದೆ, ಕಂಡದ್ದೇ ತೊಂದರೆ. ಬಿಲ್ ಉಂಟು, ಮೊತ್ತ ಸರಿ ಉಂಟು ಅಂತ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಅದು ಬಂದು ಕೂತದ್ದು ‘ಇನ್‌ಪುಟ್ ಸಿಗುವುದಿಲ್ಲ’ ಅನ್ನುವ ಭಾಗದಲ್ಲಿ. ಬಲಗಡೆಯ ಕಾಲಮಿನಲ್ಲಿ ಕಾರಣವೂ ಬರೆದಿರುತ್ತದೆ: ಪೂರೈಕೆಯ ಸ್ಥಳವೂ ಮಾರಿದವನ ರಾಜ್ಯವೂ ಒಂದೇ, ಕೊಂಡವನ ರಾಜ್ಯ ಬೇರೆ. ಆ ಕಾಲಮಿನ ತನಕ ಸ್ಕ್ರೋಲ್ ಮಾಡಿದವರು ಕಡಿಮೆ.

ಐಜಿಎಸ್‌ಟಿ ಕಾಯ್ದೆಯ 10ನೇ ಸೆಕ್ಷನ್ ಹೇಳುವುದು ಇಷ್ಟೇ: ಸಾಮಾನನ್ನು ಮಾರಿದವನೇ ಸಾಗಿಸಲಿ, ಕೊಂಡವನೇ ಸಾಗಿಸಲಿ, ಸಾಗಣೆ ಎಲ್ಲಿ ಮುಗಿಯುತ್ತದೋ ಅದೇ ಪೂರೈಕೆಯ ಸ್ಥಳ. ಪಿಕಪ್ ಉಪ್ಪಳದಲ್ಲಿ ನಿಂತರೆ ಅದು ಕೇರಳ. ಬಿಲ್ ಮಾಡುವಾಗಲೇ “ಪ್ಲೇಸ್ ಆಫ್ ಸಪ್ಲೈ ಕೇರಳ ಹಾಕಿ” ಅಂತ ಹೇಳಿಸಿದರೆ ಮುಗಿಯಿತು, ಖರ್ಚಿಲ್ಲ. ಆಮೇಲಾದರೆ ಮಾರಿದವರು ಕ್ರೆಡಿಟ್ ನೋಟ್ (ಹಳೆಯ ಬಿಲ್ಲಿನ ಮೊತ್ತ ಕಳೆಯುವ ಚೀಟಿ) ಕೊಟ್ಟು ಹೊಸ ಬಿಲ್ ಮಾಡಬೇಕು ಅಥವಾ ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ತಿದ್ದಬೇಕು. ಅದಕ್ಕೂ ಗಡು ಉಂಟು, ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30. ಮಾರ್ಚಿನಲ್ಲಿ ಆಡಿಟಿಗೆ ಪುಸ್ತಕ ಕಟ್ಟುವಾಗ ಕಣ್ಣಿಗೆ ಬಿದ್ದರೆ ಇನ್ನೂ ದಾರಿ ಉಂಟು. ವರ್ಷ ಮುಗಿದ ಮೇಲಿನ ಡಿಸೆಂಬರಿನಲ್ಲಿ ಬಿದ್ದರೆ ಇಲ್ಲ.

ಗೇರುಬೀಜದ್ದೂ ಇಂಥದ್ದೇ ಕಥೆ. ರೈತರಿಂದ ಸಿಪ್ಪೆ ಸಮೇತ ಗೇರುಬೀಜ ಕೊಂಡ ನೋಂದಾಯಿತ ವ್ಯಾಪಾರಿ ರಿವರ್ಸ್ ಚಾರ್ಜಿನಲ್ಲಿ, ಮಾರಿದವರ ಬದಲು ತಾನೇ ತೆರಿಗೆ ಕಟ್ಟಬೇಕು. ಅದನ್ನು ಇನ್‌ಪುಟ್ಟಿನಿಂದ ಕಳೆಯಲಿಕ್ಕಿಲ್ಲ, ನಗದು ಲೆಡ್ಜರಿನಿಂದಲೇ ಹೋಗಬೇಕು. ಅದೇ ರೈತರಿಂದ ಒಣ ಅಡಿಕೆ ಕೊಂಡರೆ ರಿವರ್ಸ್ ಚಾರ್ಜ್ ಇಲ್ಲ. ಒಂದೇ ಅಂಗಡಿ, ಒಂದೇ ತಕ್ಕಡಿ, ಎರಡು ನಿಯಮ. ಬೆಂಗಳೂರಿನ ಆನ್‌ಲೈನ್ ಕ್ಲಾಸಿನಲ್ಲಿ ಇದನ್ನು ಹೇಳಿಕೊಡಲಿ ಅಂತ ಕಾಯುವುದು ನ್ಯಾಯವಲ್ಲ, ಅವರಿಗೆ ಗೇರುಬೀಜ ಅಂದರೆ ಪಾಯಸಕ್ಕೆ ಹಾಕುವಂಥದ್ದು.

ಇಷ್ಟು ಹೇಳಿದ ಮೇಲೂ “ಹಾಗಾದ್ರೆ ಅಡ್ವಾನ್ಸ್ಡ್ ಎಕ್ಸೆಲ್ ಮಾಡ್ಲಾ?” ಅಂತ ಕೇಳುವವರಿದ್ದಾರೆ. ಮಾಡಿ ಮಾರಾಯ್ರೇ. ಆದರೆ ಅದಕ್ಕೆ ಮೊದಲು ಬಿಲ್ ನಂಬ್ರದ ಕಾಲಮನ್ನು ಟೆಕ್ಸ್ಟ್ ಮಾಡಲು ಕಲಿಯಿರಿ. 5/25 ಅನ್ನುವ ಬಿಲ್ ನಂಬ್ರವನ್ನು ಎಕ್ಸೆಲ್ ತಾರೀಕು ಅಂತ ತಿಳಿಯುತ್ತದೆ. 0012 ಅನ್ನುವುದರ ಮುಂದಿನ ಸೊನ್ನೆಗಳನ್ನು ನುಂಗುತ್ತದೆ. ಆಮೇಲೆ ಪುಸ್ತಕವನ್ನೂ 2ಬಿಯನ್ನೂ ತಾಳೆ ಹಾಕಿದರೆ ಅರ್ಧ ಬಿಲ್ ಸಿಗುವುದಿಲ್ಲ, “ಪಾರ್ಟಿ ಅಪ್‌ಲೋಡ್ ಮಾಡಿಲ್ಲ” ಅಂತ ಮಾರಿದವರಿಗೆ ಫೋನ್ ಹೋಗುತ್ತದೆ, ಅವರು ಬಯ್ಯುತ್ತಾರೆ. ಟೈಪ್ ಮಾಡುವ, ಅಂಟಿಸುವ ಮೊದಲೇ ಕಾಲಮ್ ಟೆಕ್ಸ್ಟ್ ಆಗಿರಬೇಕು. ಆಮೇಲೆ ಬದಲಿಸಿದರೆ ನುಂಗಿದ ಸೊನ್ನೆ ಹಿಂದೆ ಬರುವುದಿಲ್ಲ. ನಂತರ ಟ್ರಿಮ್ ಹಾಕಿ ಹಿಂದುಮುಂದಿನ ಖಾಲಿ ಜಾಗ ತೆಗೆಯಿರಿ, ಪುಸ್ತಕದಲ್ಲೂ 2ಬಿಯಲ್ಲೂ ಓರೆಗೆರೆ, ಅಡ್ಡಗೆರೆ ಅಳಿಸಿ. ಬರೀ ಬಿಲ್ ನಂಬ್ರ ಹಿಡಿದು ಹುಡುಕಬೇಡಿ, 101 ಅನ್ನುವ ಬಿಲ್ ಹತ್ತು ಪಾರ್ಟಿಗಳದ್ದು ಇರುತ್ತದೆ. ಪಾರ್ಟಿಯ ಜಿಎಸ್‌ಟಿ ನಂಬ್ರ ಮತ್ತು ಬಿಲ್ ನಂಬ್ರ ಜೋಡಿಸಿ ಒಂದು ಕಾಲಮ್ ಮಾಡಿ, ಅದರ ಮೇಲೆ ಹುಡುಕಿ. ಇದಿಷ್ಟಕ್ಕೆ ಮೂರು ತಿಂಗಳ ಕೋರ್ಸ್ ಬೇಕಾಗಿಲ್ಲ, ಒಂದು ಭಾನುವಾರ ಸಾಕು.

ನಿಜ ಹೇಳಬೇಕೆಂದರೆ, “ಯಾವುದನ್ನು ಓದಬೇಕು?” ಅಂತ ಯಾರಾದರೂ ಕೇಳಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಯಾರೂ ಕೇಳುವುದಿಲ್ಲ. ಎಲ್ಲರಿಗೂ ಕೇಳಿಸಿಕೊಳ್ಳಬೇಕು, ವಿಡಿಯೊ ನೋಡಬೇಕು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯಿತಲ್ಲ, ಕೊಡೆ, ತುಪ್ಪ 12%ರಿಂದ 5%ಕ್ಕೆ, ಸಿಮೆಂಟ್ 28%ರಿಂದ 18%ಕ್ಕೆ. ಜಿಎಸ್‌ಟಿ ಕೌನ್ಸಿಲ್ ಸಭೆ ಮುಗಿದದ್ದು ಸೆಪ್ಟೆಂಬರ್ 3ಕ್ಕೆ, ಪಟ್ಟಿ ಆಗಲೇ ಹೊರಬಂದಿತ್ತು. ಓದಲು ಎರಡು ವಾರಕ್ಕಿಂತ ಹೆಚ್ಚು ಸಮಯ ಇತ್ತು. ಓದದಿದ್ದರೆ ಆಗುವುದು ಇದು: ಟ್ಯಾಲಿಯಲ್ಲಿ ‘ಅಪ್ಲಿಕೇಬಲ್ ಫ್ರಮ್’ ತಾರೀಕು ಹೊಸದಾಗಿ ಹಾಕದೆ ಹಳೆಯ ದರವನ್ನೇ ತಿದ್ದಿದರೆ, ಹಳೆಯ ಬಿಲ್ ತೆರೆದಾಗ ಅಲ್ಲಿಗೂ ಹೊಸ ದರ ನುಗ್ಗುವ ಅಪಾಯ ಉಂಟು. ಆಗಸ್ಟಿನಲ್ಲಿ ಮಾರಿದ ಕೊಡೆ ಅಕ್ಟೋಬರಿನಲ್ಲಿ ವಾಪಸು ಬಂದರೆ ಕ್ರೆಡಿಟ್ ನೋಟ್ 12ರಲ್ಲೇ ಆಗಬೇಕು, 5ರಲ್ಲಿ ಅಲ್ಲ. 12% ಕೊಟ್ಟು ಕೊಂಡ ಹಳೆಯ ಸ್ಟಾಕಿನ ಇನ್‌ಪುಟ್ ಹಾಗೆಯೇ ಉಳಿಯುತ್ತದೆ, ಹೆದರಿ ಬಿಟ್ಟುಕೊಡಬೇಕಾಗಿಲ್ಲ.

ಸಭೆಯ ನಂತರದ ಪತ್ರಿಕಾ ಪ್ರಕಟಣೆ, ಆಮೇಲೆ ಬರುವ ಅಧಿಸೂಚನೆ, ಪೋರ್ಟಲಿನ ಸೂಚನೆಗಳು. ಮೂರೂ ಪುಕ್ಕಟೆ. ವಾರಕ್ಕೆ ಒಂದು ಗಂಟೆ, ಅದೂ ನಿಮ್ಮ ಅಂಗಡಿಯ ಸಾಮಾನಿಗೆ ತಾಗುವುದನ್ನು ಮಾತ್ರ ಓದಿದರೆ ಸಾಕು. ಜೊತೆಗೆ ಒಂದು ನೋಟ್‌ಬುಕ್ ಇಟ್ಟು ನೀವೇ ಮಾಡಿದ ತಪ್ಪು ಬರೆಯಿರಿ: ಏನು ತಪ್ಪಿತು, ಎಲ್ಲಿ ಸಿಕ್ಕಿತು, ಯಾವ ನಿಯಮ, ಎಷ್ಟು ರೂಪಾಯಿ ಹೋಯಿತು. ಒಂದೇ ತಪ್ಪು ಮೂರು ಸಲ ಬಂದರೆ ಮುಂದೆ ಕಲಿಯಬೇಕಾದದ್ದು ಅದನ್ನೇ. ಸಂಬಳ ಹೆಚ್ಚು ಕೇಳಲು ಹೋಗುವಾಗಲೂ ಸರ್ಟಿಫಿಕೇಟಿಗಿಂತ ಈ ಪುಸ್ತಕದ ಕೊನೆಯ ಕಾಲಮ್ ಉಪಯೋಗಕ್ಕೆ ಬರುತ್ತದೆ, ಅಂಗಡಿಯವರಿಗೆ ರೂಪಾಯಿ ಅರ್ಥವಾಗುತ್ತದೆ.

ಓದುವ ಮಾತು ಬಂತಲ್ಲ, ಇನ್ನೊಂದು. ನಮ್ಮಲ್ಲಿ ಬಹಳ ಜನ ಮಲಯಾಳ ನೀರು ಕುಡಿದ ಹಾಗೆ ಮಾತಾಡುತ್ತಾರೆ, ಅದೇ ಭಾಷೆಯಲ್ಲಿ ಪಂಚಾಯತಿನ ನೋಟಿಸ್ ಬಂದರೆ ಓದಲು ಬಾರದೆ ಪಕ್ಕದ ಅಂಗಡಿಯವರ ಕೈಗೆ ಕೊಡುತ್ತಾರೆ. ಕನ್ನಡದಲ್ಲಿ ಕೊಡಿ ಅಂತ ಕೇಳುವ ಹಕ್ಕು ನಮಗುಂಟು, ಅದನ್ನು ಬಿಡಬೇಡಿ. ಆದರೆ ಕನ್ನಡದ ಪ್ರತಿ ಬರುವ ಮೊದಲು ಗಡು ದಾಟಿದರೆ ದಂಡಕ್ಕೆ ಭಾಷೆ ಇಲ್ಲ. ಮಾತು ಗೊತ್ತಿದ್ದವರಿಗೆ ಲಿಪಿ ಕಷ್ಟವಲ್ಲ. ಸ್ವರವಿಲ್ಲದೆ ನಿಲ್ಲುವ ಚಿಲ್ಲು ಅಕ್ಷರ ಐದು ಮೊದಲು ಗುರುತಾಗಲಿ, ನಂತರ ಒತ್ತಕ್ಷರ. ಹಳೆಯ ಬೋರ್ಡುಗಳಲ್ಲಿ ಉಕಾರ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, 1971ರ ಲಿಪಿ ಸುಧಾರಣೆಯ ನಂತರದ ಅಚ್ಚಿನಲ್ಲಿ ಬಿಡಿಯಾಗಿ ಬರುತ್ತದೆ. ಅಲ್ಲಿ ಗಲಿಬಿಲಿಯಾಗುತ್ತದೆ, ಅಷ್ಟೆ. ಅಜ್ಜನ ತಾಳೆಗರಿಯ ತಿಗಳಾರಿ ಲಿಪಿಯ ಬಗ್ಗೆ ಹೆಮ್ಮೆಪಡುವವರಿಗೆ ಅದರ ತಂಗಿಯಂಥ ಮಲಯಾಳ ಲಿಪಿ ಓದಲು ಅವಮಾನ ಯಾಕೋ ಗೊತ್ತಿಲ್ಲ.

ಇಷ್ಟು ಓದಿಯೂ ಕೇಳಬೇಕು ಅನ್ನಿಸಿದರೆ ಕೇಳಿ. ಆದರೆ 14ಕ್ಕೆ 2ಬಿ ಬರುತ್ತದೆ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ ಹಾಕಲಿಕ್ಕುಂಟು, ಮೂರು ತಿಂಗಳಿಗೊಮ್ಮೆ ಹಾಕುವವರದ್ದು 22ಕ್ಕೆ. ನಡುವೆ ಫೋನ್ ಮಾಡಬೇಡಿ.