ಕರ್ವ್ ಚೆನ್ನಾಗೇ ಕೂತಿತ್ತು, ರನ್ ಮಾತ್ರ ನಿಂತುಹೋಯಿತು

ಕಾರಿನ ಸೀಟ್ ಕುಶನ್‌ನ ಪಾಲಿಯುರೆಥೇನ್ ಫೋಮ್‌ಗೆ ಮಟೀರಿಯಲ್ ಮಾಡೆಲ್ (ಒತ್ತಿದಾಗ ಫೋಮ್ ಹೇಗೆ ವರ್ತಿಸುತ್ತೆ ಅಂತ ಕಂಪ್ಯೂಟರ್‌ಗೆ ಹೇಳುವ ಸೂತ್ರ) ಕೂರಿಸುವ ಕೆಲಸ ಮೊದಲ ಸಲ ನನ್ನ ಕೈಗೆ ಬಂದಾಗ, ಲ್ಯಾಬ್‌ನಿಂದ ಬಂದದ್ದು ಒಂದೇ ಎಕ್ಸೆಲ್ ಫೈಲ್. ಕಂಪ್ರೆಷನ್ ಡೇಟಾ, ಅಂದರೆ ಒತ್ತಿ ಅಳೆದದ್ದು, ಅಷ್ಟೇ. ಅಬಾಕಸ್ ಅನ್ನೋ ಸಿಮ್ಯುಲೇಷನ್ ಸಾಫ್ಟ್‌ವೇರ್‌ನ ಹೈಪರ್‌ಫೋಮ್ ಮಾಡೆಲ್‌ಗೆ ಹಾಕಿದೆ, ಸೂತ್ರಕ್ಕೆ 3 ಟರ್ಮ್ (ಪದ) ಕೊಟ್ಟೆ. ಡೇಟಾದ ಗೆರೆ ಮೇಲೆ ಮಾಡೆಲ್‌ನ ಗೆರೆ ಕೂತಿತು. ಖುಷಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದು ಟೀಮ್‌ಗೆ ಕಳಿಸಿಬಿಟ್ಟೆ.

ಆಮೇಲೆ ಸೀಟಿನ ಮೇಲೆ ಮನುಷ್ಯ ಕೂತ ಹಾಗೆ ಅಚ್ಚು ಇಟ್ಟು ಒತ್ತುವ ಸಿಮ್ಯುಲೇಷನ್ ರನ್ ಹಾಕಿದರೆ, ಅರ್ಧ ದಾರಿಯಲ್ಲೇ ನಿಂತುಹೋಯಿತು. ಅಚ್ಚಿನ ಅಂಚಿನಲ್ಲಿ ಎಲಿಮೆಂಟ್‌ಗಳು (ಮಾಡೆಲ್‌ನ ಪುಟ್ಟ ಪುಟ್ಟ ಬ್ಲಾಕ್‌ಗಳು) ಮಗುಚಿಕೊಂಡಿದ್ದವು. ಮೆಶ್, ಅಂದರೆ ಆ ಬ್ಲಾಕ್‌ಗಳ ಬಲೆ, ಸರಿಯಿಲ್ಲ ಅಂದುಕೊಂಡು ಮೂರು ದಿನ ಬರೀ ಮೆಶ್ ತಿದ್ದಿದೆ. ನಾಲ್ಕನೇ ದಿನ ನಮ್ಮ ಸೀನಿಯರ್ ಮೇಡಂ ಬಂದು, "ಒಂದೇ ಎಲಿಮೆಂಟ್ ತಗೊಂಡು ಶಿಯರ್ ಮಾಡಿ ನೋಡಿದ್ರಾ?" ಅಂತ ಕೇಳಿದರು. ಶಿಯರ್ ಅಂದರೆ ಕೆಳಮುಖ ಹಿಡಿದು ಮೇಲ್ಮುಖವನ್ನು ಪಕ್ಕಕ್ಕೆ ಸರಿಸೋದು. ನೋಡಿರಲಿಲ್ಲ. ಮಾಡಿದಾಗ ಸ್ಟ್ರೆಸ್ (ಒಳಗಿನ ಒತ್ತಡ) ಸ್ವಲ್ಪ ದೂರ ಏರಿ, ಆಮೇಲೆ ಇಳಿಯತೊಡಗಿತು. ನಮ್ಮ ಸೀಟಿನ ಫೋಮ್ ಹಾಗೆ ಸೋಲಲ್ಲ, ಕೈಯಲ್ಲಿ ಹಿಡಿದು ತಿರುಚಿದರೇ ಗೊತ್ತಾಗುತ್ತೆ. ಮಾಡೆಲ್ ಸ್ಟೇಬಲ್ ಅಲ್ಲ ಅನ್ನೋ ವಾರ್ನಿಂಗ್ ಮೊದಲ ದಿನದಿಂದಲೇ ಅಬಾಕಸ್‌ನ ಔಟ್‌ಪುಟ್ ಫೈಲ್‌ನಲ್ಲಿತ್ತು. ನಾನು ಅದನ್ನು ತೆರೆದೇ ಇರಲಿಲ್ಲ.

ಅಚ್ಚಿನ ಅಂಚಿನಲ್ಲಿ ಫೋಮ್ ಬರೀ ಕುಗ್ಗಲ್ಲ, ಪಕ್ಕಕ್ಕೂ ಎಳೆದುಕೊಳ್ಳುತ್ತೆ ಅಲ್ವಾ. ನಾನು ಕೊಟ್ಟ ಡೇಟಾದಲ್ಲಿ ಆ ಎಳೆತದ ಸುದ್ದಿಯೇ ಇರಲಿಲ್ಲ.

ಮೇಡಂ ಲ್ಯಾಬ್‌ಗೇ ಹೋಗಿ ನೋಡಿ ಬನ್ನಿ ಅಂದರು. ಹೋದೆ. 50 ಮಿ.ಮೀ. ಕ್ಯೂಬ್‌ನ ಪಕ್ಕದಲ್ಲಿ ಸ್ಕೆಚ್ ಪೆನ್‌ನಿಂದ 10 ಮಿ.ಮೀ. ಚೌಕಗಳನ್ನು ಗೀಚಿ, ಒತ್ತುವಾಗ ಮೊಬೈಲ್‌ನಲ್ಲಿ ವೀಡಿಯೊ ತೆಗೆದೆ. ನಡುವಿನ ಸಾಲು ಮೊದಲು ಕುಸಿಯಿತು, ಮೇಲಿನ ಸಾಲು ಆಗಲೂ ಹೆಚ್ಚುಕಡಿಮೆ ಚೌಕವಾಗಿಯೇ ಇತ್ತು. ಪಕ್ಕಕ್ಕೆ ಉಬ್ಬಿದ್ದಂತೂ ಕಣ್ಣಿಗೆ ಕಾಣಲೇ ಇಲ್ಲ. ಹಾಗಾಗಿ ಮಾಡೆಲ್‌ನಲ್ಲಿ ನಾನು ಪಾಯ್ಸನ್ಸ್ ರೇಷಿಯೋ (ಒತ್ತಿದಾಗ ಪಕ್ಕಕ್ಕೆ ಎಷ್ಟು ಉಬ್ಬುತ್ತೆ ಅನ್ನೋ ಅಳತೆ) 0 ಇಟ್ಟದ್ದು ಸರಿಯೇ ಇತ್ತು. ಆದರೆ ತುಂಡಿನ ಮೇಲ್ಮೈ ಸಮನಾಗಿ ಕೊಯ್ದಿರಲಿಲ್ಲ, ಪ್ಲೇಟ್ ಮೊದಲು ಉಬ್ಬುಗಳಿಗೆ ಮಾತ್ರ ತಾಗುತ್ತಿತ್ತು, ಕರ್ವ್‌ನ ಶುರುವಿನಲ್ಲಿದ್ದ ಆ ಮೆತ್ತನೆಯ ಬಾಲ ಫೋಮ್‌ನದ್ದಲ್ಲ, ಕೊಯ್ದ ಕೈಯದ್ದು! ಸಾಫ್ಟ್‌ವೇರ್ ಫಿಟ್ ಮಾಡುವಾಗ ಪ್ರತಿ ಪಾಯಿಂಟ್‌ನಲ್ಲೂ ಎಷ್ಟು ಪಾಲು ತಪ್ಪಿದೆ ಅಂತ ಲೆಕ್ಕ ಹಾಕುತ್ತೆ, ಹಾಗಾಗಿ 0.1 ಕಿಲೋಪಾಸ್ಕಲ್‌ನ ಕಸಕ್ಕೂ 5 ಕಿಲೋಪಾಸ್ಕಲ್‌ನ ಒಳ್ಳೆಯ ಪಾಯಿಂಟ್‌ಗೂ ಒಂದೇ ತೂಕ. ನನ್ನ ಮೂರು ಟರ್ಮ್‌ಗಳು ಆ ಬಾಲದ ಹಿಂದೆಯೇ ಓಡಿದ್ದವು.

ಇನ್ನೊಂದು ವಿಷಯವೂ ಅಲ್ಲೇ ಗೊತ್ತಾಯಿತು. ನನ್ನ ಹತ್ತಿರ ಇದ್ದದ್ದು ಮೊದಲ ಸಲ ಒತ್ತಿದ್ದರ ಡೇಟಾ. ಹೊಸ ಫೋಮ್ ಮೊದಲ ಸಲ ಗಟ್ಟಿ, ಎರಡು ಮೂರು ಸಲ ಒತ್ತಿದ ಮೇಲೆ ಮೆತ್ತಗಾಗುತ್ತೆ. ಫೋಮ್ ಒತ್ತಿ ಅಳೆಯುವ ಮಾನದಂಡ ಐಎಸ್‌ಒ 3386 ನಾಲ್ಕನೇ ಸಲದ ಅಳತೆ ತೆಗೆದುಕೊಳ್ಳೋದು ಅದಕ್ಕೇ.

ಎರಡು ಸ್ಟೀಲ್ ಪ್ಲೇಟ್ ನಡುವೆ ಫೋಮ್ ಅಂಟಿಸಿ ಶಿಯರ್ ಡೇಟಾ ತೆಗೆಸಿದೆವು. ಬಾಲ ಕತ್ತರಿಸಿ, ನಾಲ್ಕನೇ ಸುತ್ತಿನ ಕರ್ವ್ ಹಾಕಿ, ಟರ್ಮ್ 2ಕ್ಕೆ ಇಳಿಸಿದೆ. ಈ ಸಲ ಫಿಟ್ ನೋಡೋಕೆ ಅಷ್ಟು ಚೆನ್ನಾಗಿರಲಿಲ್ಲ, ನಡುವಿನ ಚಪ್ಪಟೆ ಭಾಗದಲ್ಲಿ ಗೆರೆ ಎದ್ದು ಕಾಣುವಷ್ಟು ಸರಿದಿತ್ತು. ರನ್ ಮಾತ್ರ ಕೊನೆವರೆಗೂ ಹೋಯಿತು, ನಿಜವಾದ ಸೀಟಿನ ಮೇಲೆ ಅಳೆದ ಬಲಕ್ಕೆ ಹತ್ತಿರವೂ ಬಂತು.

ಈಗ ಲ್ಯಾಬ್‌ಗೆ ಮೇಲ್ ಹಾಕುವಾಗ ನಾಲ್ಕೂ ಸುತ್ತಿನ ಕಚ್ಚಾ ಡೇಟಾ, ತುಂಡಿನ ಫೋಟೊ, ಪಕ್ಕದಿಂದ ತೆಗೆದ ವೀಡಿಯೊ ಮೂರನ್ನೂ ಕೇಳುತ್ತೇನೆ.